ಅವಸರೋ ನಾಸ್ತಿ

ನಾಲಗೆಗೆ ಅಕ್ಷರವನ್ನು, ಅಕ್ಷರಕ್ಕೆ ಅರ್ಥವನ್ನು, ಆ ಅರ್ಥವನ್ನು ಹಂಚಿಕೊಳ್ಳಲು ಮುಪ್ಪಿನಲ್ಲಿ, ಪರದೇಶದಲ್ಲಿ, ಒಬ್ಬ ನೆರೆಯವರನ್ನು ಕರುಣಿಸಿದ ವಾಗ್ದೇವಿಗೆ ಮೊದಲು ವಂದನೆ. ಯಾವ ವರ್ಣ ಬಾಯಿಯ ಯಾವ ಸ್ಥಾನದಲ್ಲಿ ಹುಟ್ಟುತ್ತದೆಂಬುದನ್ನು ಬೆತ್ತದ ತುದಿಯಿಂದ ತೋರಿಸಿ ಕಲಿಸಿದ ನನ್ನ ಗುರುಗಳಿಗೆ ವಂದನೆ. ಈ ಬರಹ ಯಾರನ್ನು ಕುರಿತದ್ದೋ ಅವರಿಗೆ ಕಡೆಯಲ್ಲಿ ವಂದಿಸುತ್ತೇನೆ. ಅವರನ್ನು ಮೊದಲಲ್ಲೇ ವಂದಿಸುವ ಮುಖ ನನಗಿಲ್ಲ. ಕಾರಣವನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಅವರ ಕೋಟಿನ ಎಡಜೇಬಿನಲ್ಲಿ ಒಂದು ದುಂಡು ಕನ್ನಡಿ ಇರುತ್ತಿತ್ತು. ಅಂಗೈಗಿಂತ ಚಿಕ್ಕದು, ನೂರು ಯೆನ್ ಅಂಗಡಿಯಲ್ಲಿ ಕೊಂಡದ್ದು, ಅಂಚಿನ ಬಣ್ಣ ಹೆಬ್ಬೆರಳು ತಾಗಿ ತಾಗಿ ಸವೆದುಹೋದದ್ದು. ಮಾತಿನ ನಡುವೆ ಲಕಾರವುಳ್ಳ ಪದವೊಂದು ಎದುರಾದರೆ ಅವರು ತಟ್ಟನೆ ನಿಲ್ಲುವರು. ಕನ್ನಡಿ ತೆಗೆದು, ಎಂಬತ್ತರ ಸಮೀಪದ ಆ ಸಣ್ಣ ಬಾಯನ್ನು ಅಗಲಿಸಿ, ನಾಲಗೆಯ ತುದಿ ಮೇಲುಹಲ್ಲಿನ ಬೆನ್ನನ್ನು ಮುಟ್ಟಿದೆಯೇ ಎಂದು ಪರೀಕ್ಷಿಸಿ, ಆ ಮೇಲೆಯೇ ಪದವನ್ನು ಹೊರಬಿಡುವರು. ಉದ್ಯಾನದಲ್ಲಿ ನಾಯಿಗಳನ್ನು ಅಡ್ಡಾಡಿಸುವ ಹೆಂಗಸರು ಅದನ್ನು ಕಂಡು ನಯವಾಗಿ ಮುಖ ತಿರುಗಿಸಿಕೊಳ್ಳುತ್ತಿದ್ದರು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಜಪಾನಿನ ತ್ಸುಕುಬಾದಲ್ಲಿ ನಮ್ಮ ಕಟ್ಟಡದ ಪಕ್ಕದ ಮನೆ ಅವರದು. ಪ್ರೌಢಶಾಲೆಯಲ್ಲಿ ಜರ್ಮನ್ ಭಾಷೆ ಕಲಿಸಿ ನಿವೃತ್ತರಾದವರು. ಆದ್ದರಿಂದ ಸುತ್ತಲಿನವರೆಲ್ಲ ಅವರನ್ನು ಸೆನ್ಸೇ, ಅಂದರೆ ಮೇಷ್ಟ್ರು, ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ನಾನೂ ಮೇಷ್ಟ್ರೇ. ಮೈಸೂರು ಸೀಮೆಯ ಒಂದು ಪಾಠಶಾಲೆಯಲ್ಲಿ ಜೀವಮಾನವೆಲ್ಲ ಸಂಸ್ಕೃತ ಹೇಳಿಕೊಟ್ಟು, ಆ ಮೇಲೆ ಇಲ್ಲಿನ ಸಂಶೋಧನಾಲಯದಲ್ಲಿ ಕೆಲಸ ಮಾಡುವ ಮಗಳ ಮನೆಗೆ ಬಂದವನು. ಇಂಗ್ಲಿಷು ಅಷ್ಟಕ್ಕಷ್ಟೆ, ಜಪಾನೀ ಭಾಷೆಯಲ್ಲಿ ಸುಮಿಮಾಸೆನ್, ಅರಿಗಾತೋ ಎಂಬ ಕ್ಷಮೆಯ, ಧನ್ಯವಾದದ ಎರಡೇ ಪದ. ಬಂದು ಎಂಟು ತಿಂಗಳವರೆಗೆ ಮಗಳೊಬ್ಬಳನ್ನು ಬಿಟ್ಟರೆ ಯಾರೊಡನೆಯೂ ನಾನು ಒಂದು ಪೂರ್ಣ ವಾಕ್ಯವನ್ನಾಡಿರಲಿಲ್ಲ.

ಒಂದು ಬೆಳಿಗ್ಗೆ ಕೊಳದ ಪಕ್ಕದ ಬೆಂಚಿನ ಮೇಲೆ ಕುಳಿತು ಪಾರಾಯಣ ಮಾಡುತ್ತಿದ್ದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಮುದುಕರು ಇಳಿದು, ಟೋಪಿ ತೆಗೆದು, ನಾನು ಮುಗಿಸುವವರೆಗೂ ಹ್ಯಾಂಡಲ್ ಹಿಡಿದು ನಿಂತರು. ಮುಗಿದ ಮೇಲೆ ನಡು ಬಗ್ಗಿಸಿ ಸಂಸ್ಕೃತದಲ್ಲಿ ಕೇಳಿದರು: "ಕುಶರಂ ವಾ?"

ನಾನು ಕ್ಷೇಮವೆಂದು ಉತ್ತರಿಸಲಿಲ್ಲ. "ಕುಶಲಮ್" ಎಂದು ತಿದ್ದಿದೆ. ಎಂಟು ತಿಂಗಳ ಬಾಯಾರಿಕೆಯ ನಂತರ ಸಿಕ್ಕ ಮೊದಲ ಬೊಗಸೆ ನೀರಿನಲ್ಲಿ ನಾನು ಕಂಡದ್ದು ಕಸವನ್ನೇ. ನನ್ನ ಸ್ವಭಾವ ಅಂಥದು. ಅವರಿಗಾದರೋ ಮುಖವೆಲ್ಲ ಬೆಳಗಿತು. ಐವತ್ತು ವರ್ಷಗಳಿಂದ ಯಾರೂ ತಮ್ಮನ್ನು ತಿದ್ದಿರಲಿಲ್ಲವೆಂದರು. ಅಂದಿನಿಂದ ನಾನು ಅವರಿಗೆ ಪಂಡಿತಸಾನ್, ಅಂದರೆ ಪಂಡಿತರು, ಆದೆ.

ನಮ್ಮಿಬ್ಬರ ಮಾತೆಲ್ಲ ಸಂಸ್ಕೃತದಲ್ಲೇ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ಅವರ ಕಥೆಯನ್ನು ಅವರು ಮೂರು ಬೆಳಿಗ್ಗೆ ಹೇಳಿದರು. ಹರೆಯದಲ್ಲಿ ಜರ್ಮನಿಯ ಟ್ಯೂಬಿಂಗನ್ ಎಂಬ ಊರಿಗೆ ಹೋಗಿ, ಅಲ್ಲಿನ ಒಬ್ಬ ವೃದ್ಧ ಪ್ರಾಧ್ಯಾಪಕರಲ್ಲಿ ಎರಡು ವರ್ಷ ಸಂಸ್ಕೃತ ಓದಿದರಂತೆ. ಅರ್ಥದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಜಪಾನೀಯರ ಕಿವಿಗೆ ರಕಾರವೂ ಲಕಾರವೂ ಒಂದೇ, ನಾಲಗೆಗೂ ಒಂದೇ. ಒಂದು ದಿನ ತರಗತಿಯಲ್ಲಿ ಲೋಕ ಎನ್ನಲು ಹೋಗಿ ರೋಕ ಎಂದರು. ರೋಕವೆಂದರೆ ತೂತು. ಪ್ರಾಧ್ಯಾಪಕರು ಕನ್ನಡಕದ ಮೇಲಿನಿಂದ ನೋಡಿ, "ನೀವು ಲೋಕವನ್ನೇ ಒಂದು ತೂತು ಮಾಡಿಬಿಟ್ಟಿರಲ್ಲ" ಎಂದರಂತೆ.

"ಎಲ್ಲರೂ ನಕ್ಕರೋ?" ಎಂದು ಕೇಳಿದೆ.

"ಇಲ್ಲ. ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು."

ತಂದೆಯ ಕಾಯಿಲೆಯ ತಂತಿ ಬಂದು ಓದನ್ನು ಅರ್ಧಕ್ಕೆ ಬಿಟ್ಟು ಹೊರಟಾಗ, ಗುರುಗಳು ಅವರಿಗೆ ಒಂದು ಶ್ಲೋಕವನ್ನು ಕೈಯಲ್ಲಿ ಬರೆದುಕೊಟ್ಟರು. ನಾಲ್ಕು ಪಾದಗಳಲ್ಲೂ ರಕಾರ ಲಕಾರಗಳು ಹೆಣೆದುಕೊಂಡಿದ್ದ ಶ್ಲೋಕ. "ಇದು ನಾಲಗೆಯಲ್ಲಿ ಕುಳಿತ ದಿನ ಬಂದು ನನಗೆ ಒಪ್ಪಿಸಿ" ಎಂದರು. ಸೆನ್ಸೇಗೆ ಹೋಗಲಾಗಲಿಲ್ಲ. ಗುರುಗಳು ತೀರಿಕೊಂಡರು. "ನಾನು ಎರಡು ಅಕ್ಷರ ಕಡಿಮೆಯಾದ ಮನುಷ್ಯ" ಎನ್ನುವುದು ಅವರ ವಾಡಿಕೆಯ ಮಾತಾಗಿತ್ತು. ಅದನ್ನು ನಗುತ್ತಲೇ ಹೇಳುವರು. ಹೇಳಿ ಕನ್ನಡಿಯನ್ನು ಜೇಬಿನ ಮೇಲಿನಿಂದಲೇ ಒಮ್ಮೆ ಮುಟ್ಟಿಕೊಳ್ಳುವರು.

ನಾಲ್ಕು ವರ್ಷ ನಾನು ಅವರಿಗೆ ಆ ಶ್ಲೋಕ ಹೇಳಿಕೊಟ್ಟೆ. ಪ್ರತಿದಿನ ಅವರು ಮೊದಲು ಬಂದು, ಮಡಿಚಿದ ಬಟ್ಟೆಯಿಂದ ಬೆಂಚಿನ ಇಬ್ಬನಿಯನ್ನು ಒರಸಿ, ನನ್ನ ಪಾಲಿನ ಜಾಗವನ್ನು ಎರಡು ಸಲ ಒರಸಿ ಕಾಯುವರು. ನನ್ನ ಆಹಾರನಿಯಮಗಳನ್ನು ನನ್ನ ಮಗಳಿಗಿಂತ ಚೆನ್ನಾಗಿ ಅರಿತಿದ್ದರು. ಕೊಂಬಿನಿಯಲ್ಲಿ, ಅಂದರೆ ಇಲ್ಲಿನ ಬೀದಿಗೊಂದರಂತಿರುವ ಸಣ್ಣ ಅಂಗಡಿಯಲ್ಲಿ, ಪೊಟ್ಟಣದ ಹಿಂದಿನ ಇರುವೆಸಾಲಿನಂಥ ಬರಹವನ್ನು ಓದಿ, "ಪಂಡಿತಸಾನ್, ಇದರಲ್ಲಿ ಮತ್ಸ್ಯಸಾರವಿದೆ" ಎಂದು ಗಂಭೀರವಾಗಿ ಮತ್ತೆ ಕಪಾಟಿನಲ್ಲಿಡುವರು. ಅವರದೊಂದು ದಪ್ಪ ಟಿಪ್ಪಣಿ ಪುಸ್ತಕವಿತ್ತು. ಸಂಸ್ಕೃತದಿಂದ ಕನ್ನಡಕ್ಕೆ ಬಂದು ಅರ್ಥ ಬದಲಿಸಿಕೊಂಡ ಪದಗಳನ್ನು ನನ್ನಿಂದ ಕೇಳಿ ಅದರಲ್ಲಿ ಬರೆದುಕೊಂಡರು. ಅನುಮಾನ, ಮರ್ಯಾದೆ, ಸಂಸಾರ ಎಂದು ಪಟ್ಟಿ ಎರಡು ಪುಟವಾಯಿತು. ಇಂಥ ಪದಗಳನ್ನು ಕನ್ನಡದ ಅರ್ಥದಲ್ಲಿ ಬಳಸಿದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನೆಂದು ಹೆಮ್ಮೆಯಿಂದ ಹೇಳಿದೆ. ಅದನ್ನೂ ಅವರು ಬರೆದುಕೊಂಡರು.

ಅಷ್ಟರಲ್ಲಿ ಅವರಿಗೆ ಗುರುಗಳ ಮಗಳಿಂದ ಒಂದು ಪತ್ರ ಬಂತು. ಜರ್ಮನಿಯಲ್ಲಿ ಸಮಾಧಿಗೂ ಒಂದು ಅವಧಿಯುಂಟಂತೆ. ಅದು ಮುಗಿದ ಮೇಲೆ ಕಲ್ಲನ್ನು ತೆಗೆದು ಆ ನೆಲವನ್ನು ಬೇರೆಯವರಿಗೆ ಬಿಡುತ್ತಾರಂತೆ. ಬರುವ ಚಳಿಗಾಲದಲ್ಲಿ ಗುರುಗಳ ಕಲ್ಲನ್ನು ತೆಗೆಯುವರೆಂದು ಪತ್ರದಲ್ಲಿತ್ತು. ಅದೇ ವಾರ ನನ್ನ ಮಗಳು, ಜೂನಿನಲ್ಲಿ ಸ್ಟುಟ್‌ಗಾರ್ಟಿನಲ್ಲಿ ತನಗೊಂದು ಸಮ್ಮೇಳನವಿದೆ, ನನ್ನನ್ನೂ ಕರೆದೊಯ್ಯುತ್ತೇನೆಂದಳು. ಟ್ಯೂಬಿಂಗನ್ ಅಲ್ಲಿಂದ ಒಂದು ಗಂಟೆಯ ರೈಲುದಾರಿ. ಇದು ದೈವಸಂಕಲ್ಪವೆಂದೇ ನಾನು ತಿಳಿದು ಸೆನ್ಸೇಯನ್ನೂ ಹೊರಡಿಸಿದೆ. ಅವರು ಹೊರಟದ್ದು ಒಂದೇ ಉದ್ದೇಶಕ್ಕೆ: ಆ ಕಲ್ಲಿನ ಮುಂದೆ ನಿಂತು, ಅದು ಅಲ್ಲಿರುವಾಗಲೇ, ಶ್ಲೋಕವನ್ನೊಪ್ಪಿಸುವುದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲವೆನ್ನುವ ಹಾಗಿದ್ದರೆ ಎಷ್ಟು ಸುಖವಿತ್ತು.

ಸಮ್ಮೇಳನ ಮುಗಿದ ಮರುದಿನ ಮಗಳಿಗೆ ಬಿಡುವು. "ಅಪ್ಪಾ, ಇವತ್ತು ಫುಲ್ ಡೇ ಫ್ರೀ. ಆರಾಮಾಗಿ ಊರು ನೋಡ್ಕೊಂಡು, ಒಳ್ಳೆ ಕಡೆ ಊಟ ಮಾಡ್ಕೊಂಡು, ಸಂಜೆ ಟ್ರೈನ್‌ಗೆ ಬಂದ್ಬಿಡೋಣ. ಯಾವ ಟೆನ್ಷನ್ನೂ ಬೇಡ" ಎಂದಳು. ಅಂದಿನಷ್ಟು ತಾಳ್ಮೆಗೆಟ್ಟ ದಿನವನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

ಬೆಳಿಗ್ಗೆಯ ರೈಲಿನಲ್ಲಿ ಕುಳಿತುಕೊಳ್ಳಲು ಜಾಗ ಸಿಗಲಿಲ್ಲ. ಸೈಕಲ್ಲುಗಳ ನಡುವೆ ನಿಂತು ಸೆನ್ಸೇ ಶ್ಲೋಕವನ್ನು ಒಮ್ಮೆ ಹೇಳಿದರು. ಮೂರು ತಿಂಗಳಿಂದ ಒಂದೂ ತಪ್ಪು ಬಾರದಿದ್ದ ಶ್ಲೋಕದಲ್ಲಿ ಅಂದು ನಾಲ್ಕು ಬಾರಿ ಲಕಾರ ಜಾರಿತು. ನಾಲ್ಕು ಬಾರಿಯೂ ತಿದ್ದಿದೆ. ನಾಲ್ಕನೆಯ ಬಾರಿ ನನ್ನ ದನಿ ಸ್ವಲ್ಪ ಗಟ್ಟಿಯಾಯಿತು; ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಅವರು "ಕ್ಷಮ್ಯತಾಮ್" ಎಂದು ಕನ್ನಡಿಯನ್ನು ಜೇಬಿಗೆ ಹಾಕಿಕೊಂಡರು.

ಹನ್ನೊಂದು ಗಂಟೆಗೆ ನೆಕಾರ್ ನದಿಯ ಸೇತುವೆಯ ಮೇಲೆ ನಿಂತಿದ್ದೆವು. ಕೆಳಗೆ ಉದ್ದನೆಯ ದೋಣಿಗಳು, ದಡದುದ್ದಕ್ಕೂ ನೀರಿಗೆ ಬಗ್ಗಿದ ಮರಗಳು, ಹಳದಿ, ಕೆಂಪು, ಕಂದು ಬಣ್ಣದ ಕಿರಿದಾದ ಮನೆಗಳು. ಸೆನ್ಸೇ ಅತ್ತ ನೋಡಲೇ ಇಲ್ಲ. ಊರಿಗೆ ಬೆನ್ನು ಹಾಕಿ ದಕ್ಷಿಣಕ್ಕೆ ತಿರುಗಿ, ಮನೆಗಳ ಮೇಲೆ ಎದ್ದಿದ್ದ ಹಸಿರು ಗುಡ್ಡವನ್ನು ತೋರಿಸಿದರು.

"ಪಂಡಿತಸಾನ್, ಗುರುಗಳು ಅಲ್ಲಿದ್ದಾರೆ. ನೀವು ಒಪ್ಪುವುದಾದರೆ, ಈಗ ಹೋಗಬಹುದೇ?"

ಮಗಳು ಹನ್ನೊಂದೂವರೆಗೆ ದೋಣಿಯನ್ನು ಗೊತ್ತುಮಾಡಿದ್ದಳು. ನಿಂತು ಬಂದ ನನ್ನ ಮೊಣಕಾಲು ನೋಯುತ್ತಿತ್ತು. ಇಡೀ ಹಗಲು ಮುಂದಿತ್ತು. ಆ ದೇಶದಲ್ಲಿ ಜೂನ್ ತಿಂಗಳ ಸೂರ್ಯನಿಗೆ ಮುಳುಗುವ ಮನಸ್ಸೇ ಇರುವುದಿಲ್ಲ. ನಾನು ಸೌಮ್ಯವಾಗಿಯೇ, ಅವರ ಭುಜವನ್ನು ಮುಟ್ಟಿ, ಹೇಳಿದೆ: "ಅವಸರೋ ನಾಸ್ತಿ."

ಅವರು ಒಂದು ಕ್ಷಣ ನನ್ನ ಮುಖವನ್ನು ನೋಡಿದರು. ಬಳಿಕ ನಡು ಬಗ್ಗಿಸಿ ನಮಸ್ಕರಿಸಿ, "ಹಾಗೆಯೇ ಆಗಲಿ" ಎಂದು ಗುಡ್ಡದಿಂದ ಕಣ್ಣು ತೆಗೆದರು.

ದೋಣಿಯಲ್ಲಿ ಹಿಂದೆ ನಿಂತು ಉದ್ದನೆಯ ಗಳುವಿನಿಂದ ದೋಣಿ ನೂಕುವ ಯುವಕ ಜರ್ಮನ್ ಭಾಷೆಯಲ್ಲಿ ಊರ ಕಥೆ ಹೇಳುತ್ತ ಹೋದ. ಸೆನ್ಸೇ ಅದನ್ನು ನನಗೆ ಸಂಸ್ಕೃತದಲ್ಲಿ ಹೇಳುತ್ತ ಬಂದರು, ಕರ್ತವ್ಯವೆಂಬಂತೆ, ಕನ್ನಡಿ ತೆಗೆಯದೆ. ದಡದ ಅಂಗಡಿಯಲ್ಲಿ ತೂಗುಹಾಕಿದ್ದ ಉಪ್ಪುಹರಳಿನ ಹೆಣೆದ ರೊಟ್ಟಿಗೆ ಸಂಸ್ಕೃತದಲ್ಲಿ ಏನೆನ್ನಬೇಕೆಂದು ಯೋಚಿಸಿ "ಲವಣಪಾಶ" ಎಂದರು. ಬೇರೆ ದಿನವಾಗಿದ್ದರೆ ನಾನು ಅದಕ್ಕೆ ನಗುತ್ತಿದ್ದೆ. ಅಂದು ದೋಣಿಯ ತಳದ ನೀರು ನನ್ನ ಪಂಚೆಯ ಅಂಚಿಗೆ ತಗಲಿತ್ತು, ಅಷ್ಟೆ ನನ್ನ ಗಮನ. ಅರ್ಧ ಗಂಟೆಯೆಂದ ದೋಣಿ ಒಂದು ಗಂಟೆ ತೇಲಿತು.

ಊಟದ ಮನೆಯದು ಇನ್ನೊಂದು ಪ್ರಹಸನ. ಪಟ್ಟಿಯಲ್ಲಿ ಬೇಳೆಯೆಂದಿತ್ತು. ಬೇಳೆಯೆಂಬ ಪದ ಕೇಳಿ ನನ್ನ ಕಣ್ಣು ತುಂಬಿತು. ಸೆನ್ಸೇ ಬಡಿಸುವ ಹೆಂಗಸನ್ನು ಕರೆದು ವಿಚಾರಿಸಿದರು. ಅವಳು ಒಳಗೆ ಹೋಗಿ ಕೇಳಿ ಬಂದಳು.

"ಪಂಡಿತಸಾನ್, ಬೇಳೆ ಮಾಂಸದ ಸಂಗಡ ಬೆಂದಿದೆ."

"ಆಲೂಗಡ್ಡೆಯ ಪಲ್ಯ?"

ಅವಳು ಮತ್ತೆ ಒಳಗೆ ಹೋದಳು, ಮತ್ತೆ ಬಂದಳು. ಅದಕ್ಕೂ ಮಾಂಸದ ಸಾರು ಹಾಕುತ್ತಾರಂತೆ. ಅವರ ಶಾವಿಗೆಯಂಥದಕ್ಕೆ ಮೊಟ್ಟೆ. ಮೂರನೆಯ ಬಾರಿ ಅವಳು ಒಳಗೆ ಹೋದಾಗ ಅಡುಗೆಯವನೇ ಹೊರಗೆ ಬಂದು, ಇಂಥದನ್ನು ಕೇಳಿದ ಮಹಾಶಯ ಯಾರೆಂದು ನನ್ನನ್ನು ನೋಡಿ ಹೋದ. ಕಡೆಗೆ ಬೇಯಿಸಿದ ಆಲೂಗಡ್ಡೆ, ಉಪ್ಪು, ಒಂದು ಲವಣಪಾಶ. ಸೆನ್ಸೇ ತಮಗೂ ಅದನ್ನೇ ತರಿಸಿಕೊಂಡರು. ಯೌವನದಲ್ಲಿ ತಾವು ಬಹಳ ಮೆಚ್ಚಿದ ತಿನಿಸುಗಳ ಆ ಪಟ್ಟಿಯನ್ನು ಮೆಲ್ಲನೆ ಮುಚ್ಚಿಟ್ಟರು. ಇದೆಲ್ಲ ಮುಗಿಯುವಷ್ಟರಲ್ಲಿ ಮೂರು ಗಂಟೆಯಾಯಿತು.

ಇನ್ನಾದರೂ ಗುಡ್ಡಕ್ಕೆ ಹೋಗೋಣವೆಂದು ಅವರು ಹೇಳುವರೆಂದು ಕಾದೆ. ಹೇಳಲಿಲ್ಲ. ನಗರಭವನದ ಎದುರು ನಿಂತು ಅದರ ಗೋಡೆಯ ಚಿತ್ರಗಳನ್ನೂ ಗ್ರಹಗತಿ ತೋರಿಸುವ ಹಳೆಯ ಗಡಿಯಾರವನ್ನೂ ಒಂದೊಂದಾಗಿ ವಿವರಿಸಿದರು. "ಗಂಟೆ ಮೂರು ದಾಟಿತಲ್ಲ" ಎಂದೆ. "ಹೌದು, ಈ ಗಡಿಯಾರ ಬಹಳ ನಿಖರ" ಎಂದರು. ನನಗೆ ಒಳಗೇ ಕುದಿಯತೊಡಗಿತು. ಸಾವಿರಾರು ಮೈಲಿ ಬಂದದ್ದು ಒಂದು ಕಲ್ಲಿನ ಮುಂದೆ ನಿಲ್ಲುವುದಕ್ಕೆ; ಈ ಮನುಷ್ಯರು ಗಡಿಯಾರ ನೋಡುತ್ತಿದ್ದಾರೆ.

ಮಗಳು ನನ್ನ ಪಕ್ಕಕ್ಕೆ ಬಂದಳು. "ಅಪ್ಪಾ, ಸೆನ್ಸೇ ಆ ಸಮಾಧಿ ಹತ್ರ ಹೋಗ್ಬೇಕು ಅಂತಿದ್ರಲ್ಲ. ಮೇನ್ ಪ್ರೋಗ್ರಾಮೇ ಅದು. ಟೈಮ್ ನೋಡ್ಕೋ."

"ಅವರೇ ಹೇಳ್ಲಿ."

"ನೀನೇ ಕೇಳಿದ್ರೆ ಏನಪ್ಪ ಹೋಗುತ್ತೆ?"

"ಅವರಿಗೇ ನೆನಪಿಲ್ದೇ ಇರೋದನ್ನ ನಾನು ಹೋಗಿ ನೆನಪಿಸ್ಬೇಕೇ? ಎಳ್ಕೊಂಡು ಹೋಗೋಕೆ ಅವರೇನು ಮಗುವೇ?"

"ಇಬ್ರೂ ಮಕ್ಳೇ" ಎಂದು ಗೊಣಗಿ ಅವಳೇ ಹೋಗಿ ಜಪಾನೀ ಭಾಷೆಯಲ್ಲಿ ಕೇಳಿದಳು. ಅವರು ನಕ್ಕು, ಕೈಯನ್ನು ಎದೆಯ ಮುಂದೆ ಮೆಲ್ಲನೆ ಆಡಿಸಿ ಏನೋ ಹೇಳಿದರು. ಅವಳು ಹಿಂತಿರುಗಿ ಬಂದು, "ದೈಜೋಬು ಅಂದ್ರು. ಪರ್ವಾಗಿಲ್ಲ ಅಂತ. ಆಮೇಲೆ ಹೋಗೋಣ ಅಂತಾನೋ, ಬೇಡ ಅಂತಾನೋ, ಈ ಜನದ ದೈಜೋಬು ಹತ್ತು ವರ್ಷ ಆದ್ರೂ ನಂಗೆ ಅರ್ಥ ಆಗಲ್ಲ" ಎಂದಳು.

ಕೋಟೆಯ ಕಡಿದಾದ ದಾರಿಯನ್ನು ಹತ್ತಿದೆವು. ಕೋಟೆಯೊಳಗಿನ ತಮ್ಮ ಹಳೆಯ ತರಗತಿಯ ಕಿಟಕಿಯನ್ನು ತೋರಿಸಿ, ಲೋಕವನ್ನು ತೂತು ಮಾಡಿದ್ದು ಅಲ್ಲಿಯೇ ಎಂದರು. ಆ ಕಿಟಕಿಯ ಕೆಳಗೆ ಬಹಳ ಹೊತ್ತು ನಿಂತರು. ನಾನು ಕಲ್ಲುಕಟ್ಟೆಯ ಮೇಲೆ ಕುಳಿತು ಮೊಣಕಾಲು ತಿಕ್ಕುತ್ತಿದ್ದೆ. ಮಗಳು ಕಾಫಿ ಕುಡಿಯೋಣವೆಂದಳು. ಕಾಫಿಗೆ ಮುಕ್ಕಾಲು ಗಂಟೆ. ಐದೂವರೆಯ ರೈಲು. ಇನ್ನು ಗುಡ್ಡದ ಮಾತೇ ಇಲ್ಲವೆಂದು ಅರಿವಾದಾಗ ನಾನು ಸಿಟ್ಟಿನಿಂದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಇವರಿಗೆ ಆ ಶ್ಲೋಕ ಬರೀ ಹೊತ್ತು ಕಳೆಯುವ ಆಟವಾಗಿತ್ತೇ, ನಾಲ್ಕು ವರ್ಷ ನಾನು ಕೊಟ್ಟ ಬೆಳಗುಗಳಿಗೆ ಇಷ್ಟೇ ಬೆಲೆಯೇ, ಎಂದೆಲ್ಲ ಅಂದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅಂದುಕೊಂಡದ್ದು ನಿಜ.

ನಿಲ್ದಾಣಕ್ಕೆ ಬಂದರೆ ನಮ್ಮ ರೈಲು ರದ್ದಾಗಿತ್ತು. ಮುಂದಿನದು ನಲವತ್ತು ನಿಮಿಷಕ್ಕೆ. ಗಡಿಯಾರ ನೋಡಿ ಇಟ್ಟುಕೊಂಡಿದ್ದ ನನ್ನ ಸಂಧ್ಯಾವಂದನೆಯ ಲೆಕ್ಕವೆಲ್ಲ ತಪ್ಪಿತು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೇಕೆಂದೇ ಹಳಿಗಳಿಗೆ ಬೆನ್ನು ಮಾಡಿ ಬೆಂಚಿನಲ್ಲಿ ಕುಳಿತೆ. ಸೆನ್ಸೇ ಕೊಂಚ ಮುಂದೆ ಹೋಗಿ, ಟೋಪಿ ತೆಗೆದು, ದಕ್ಷಿಣಕ್ಕೆ ಮುಖಮಾಡಿ ಬಿಸಿಲಿನಲ್ಲಿ ನಿಂತರು.

"ಅಪ್ಪಾ, ಸೆನ್ಸೇ ಏನೋ ಹೇಳ್ತಿದಾರೆ."

"ಹೇಳ್ಲಿ ಬಿಡು."

ಅವರು ಹಿಂತಿರುಗಿ ಬಂದು ನನ್ನೆದುರು ನಿಂತರು. ಎಂದಿಗಿಂತ ಆಳವಾಗಿ ಬಾಗಿದರು. "ಧನ್ಯೋಽಸ್ಮಿ" ಎಂದರು. ಕೆಟ್ಟುಹೋದ ದಿನಕ್ಕೆ ಉಪಚಾರದ ಮಾತೆಂದು ತಿಳಿದು ನಾನು ಸುಮ್ಮನೆ ತಲೆಯಾಡಿಸಿದೆ.

ತ್ಸುಕುಬಾಗೆ ಮರಳಿದ ಮೇಲೂ ಅವರು ಬೆಂಚು ಒರಸುವುದನ್ನು ನಿಲ್ಲಿಸಲಿಲ್ಲ. ಆದರೆ ಆ ಶ್ಲೋಕವನ್ನು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಒಂದು ನಿಮಿಷದ ಮಾತು. ಬೇರೆ ಬೇರೆ ಪಾಠಗಳನ್ನು ಹೇಳುತ್ತ, ನನ್ನ ಬಿಗುಮಾನವನ್ನು ಆರು ತಿಂಗಳು ಸಾಕಿದೆ. ಎಲೆಗಳು ಕೆಂಪಾಗುವ ಹೊತ್ತಿಗೆ ಅವರಿಗೆ ಉಸಿರಾಟದ ತೊಂದರೆ ಬಂತು. ಆಸ್ಪತ್ರೆಯಲ್ಲಿ ಕಡೆಯ ಸಲ ನೋಡಿದಾಗ ಕೊಳವೆಗಳ ನಡುವಿನಿಂದ, "ಪಂಡಿತಸಾನ್, ಕುಶಲಂ ವಾ?" ಎಂದರು. ಲಕಾರ ನಿರ್ಮಲವಾಗಿತ್ತು. ಹೊಸ ವರ್ಷ ಹುಟ್ಟಿ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಇವರ ಸಂಪ್ರದಾಯದಲ್ಲಿ ನಲವತ್ತೊಂಬತ್ತನೆಯ ದಿನ ದೊಡ್ಡದು. ಅದು ಕಳೆದ ಮೇಲೆ ಅವರ ಪತ್ನಿ ನಮ್ಮ ಮನೆಗೆ ಬಂದರು. ರೇಷ್ಮೆಬಟ್ಟೆಯಲ್ಲಿ ಸುತ್ತಿದ ಟಿಪ್ಪಣಿ ಪುಸ್ತಕವನ್ನು ಎರಡೂ ಕೈಯಿಂದ ನನ್ನ ಮುಂದಿಟ್ಟರು. ಅವರು ಮಾತಾಡಿದ್ದನ್ನು ಮಗಳು ಕನ್ನಡದಲ್ಲಿ ಹೇಳುತ್ತ ಹೋದಳು.

"ಇದರಲ್ಲಿ ಅವರು ಸಂಸ್ಕೃತದಲ್ಲಿ ದಿನಚರಿಯನ್ನೂ ಬರೆಯುತ್ತಿದ್ದರು. ‘ನಿನ್ನ ಮೇಲಿನ ದೂರುಗಳು, ನಿನಗೆ ಓದಲು ಬರಬಾರದೆಂದೇ ನಾಗರೀಲಿಪಿ’ ಎಂದು ನನ್ನೊಡನೆ ತಮಾಷೆ ಮಾಡುತ್ತಿದ್ದರು. ಜರ್ಮನಿಯಿಂದ ಬಂದ ಮೇಲೆ ಅವರು ಒಂದು ವಾರ ಸುಮ್ಮನಿದ್ದರು. ಆದರೆ ದುಃಖಪಟ್ಟವರ ಹಾಗೆ ಕಾಣಲಿಲ್ಲ. ಅಲ್ಲಿ ಏನಾಯಿತೆಂದು ಕೇಳಿದರೆ, ಒಳ್ಳೆಯ ದಿನ, ಆಲೂಗಡ್ಡೆ ತಿಂದೆವು, ಎಂದಷ್ಟೇ ಹೇಳಿದರು. ಅವರು ಸಮಾಧಾನದಿಂದ ಹೋದರೋ ಇಲ್ಲವೋ ಎಂಬುದು ನನಗೆ ತಿಳಿಯಬೇಕು. ಆ ದಿನದ ಪುಟವನ್ನು ಓದಿ ಹೇಳುವಿರಾ?"

ಪುಟ ಸಿಕ್ಕಿತು. ಕನ್ನಡಕ ಹಾಕಿಕೊಂಡು ಜೋರಾಗಿ ಓದತೊಡಗಿದೆ.

"ಸೇತುವೆಯ ಮೇಲೆ ನಿಂತು, ಗುರುಗಳ ಸಮಾಧಿಗೆ ಹೋಗಲು ಪಂಡಿತಸಾನ್‌ರ ಅನುಮತಿ ಬೇಡಿದೆ. ಅವರು ಹೇಳಿದರು: ಅವಸರೋ ನಾಸ್ತಿ. ಅದು ನ್ಯಾಯವೇ. ಬೆಳಿಗ್ಗೆ ನಾಲ್ಕು ಬಾರಿ ತಪ್ಪಿದ ನಾಲಗೆಗೆ ಅವಸರವೆಲ್ಲಿಯದು? ಆದರೂ ಅವರು ಅದನ್ನು ಎಷ್ಟು ಮೃದುವಾಗಿ, ಭುಜ ಮುಟ್ಟಿ ಹೇಳಿದರು. ಆಮೇಲೆ ಅವರ ಮಗಳೂ ಕೇಳಿದರು. ಗುರು ಒಪ್ಪದ್ದನ್ನು ಅವರ ಮಗಳ ಕೈಯಲ್ಲಿ ಪಡೆಯುವುದು ತರವಲ್ಲ."

ಅಲ್ಲಿ ಬೆರಳಿಟ್ಟು ಆ ಸಾಲನ್ನು ಮತ್ತೊಮ್ಮೆ ಓದಿಕೊಂಡೆ.

ಕನ್ನಡದಲ್ಲಿ ಅವಸರವೆಂದರೆ ಆತುರ. ಅವಸರವಿಲ್ಲ, ನಿಧಾನವಾಗಿ ಹೋಗೋಣ, ಎಂದು ನಾನು ಹೇಳಿದ್ದು. ಸಂಸ್ಕೃತದಲ್ಲಿ ಅವಸರವೆಂದರೆ ಅವಕಾಶ, ತಕ್ಕ ಸಮಯ. ನಿನಗೆ ಅವಕಾಶವಿಲ್ಲ, ಎಂದು ಅವರು ಕೇಳಿದ್ದು. ಇಡೀ ಹಗಲು ಇದೆಯೆಂದು ನಾನು ತೆರೆದ ಬಾಗಿಲು ಅದೇ ಮಾತಿನಿಂದ ಅವರ ಮುಖದ ಮೇಲೆ ಮುಚ್ಚಿಕೊಂಡಿತ್ತು. ಪಾಠಶಾಲೆಯ ಯಾವ ಹುಡುಗನಾದರೂ ಹೀಗೆ ಬಳಸಿದ್ದರೆ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ದಣಿದ ಬಾಯಿಯಲ್ಲಿ ತಾಯ್ನುಡಿ ಸಂಸ್ಕೃತದ ಮುಸುಕು ಹಾಕಿಕೊಂಡು ಹೊರಬಂದಿತ್ತು. ನನಗೆ ತಿಳಿಯಲೇ ಇಲ್ಲ. ಪುಟಗಳನ್ನು ಹಿಂದಕ್ಕೆ ತಿರುವಿ, ಅರ್ಥ ಬದಲಿಸಿಕೊಂಡ ಪದಗಳ ಪಟ್ಟಿಯನ್ನು ತೆಗೆದೆ. ಅನುಮಾನವಿತ್ತು, ಮರ್ಯಾದೆಯಿತ್ತು, ಸಂಸಾರವಿತ್ತು. ಅವಸರ ಇರಲಿಲ್ಲ. ಅವರು ತಪ್ಪದೆ ಬರೆದುಕೊಂಡಿದ್ದರು. ಹೇಳಲು ಮರೆತವನು ನಾನು.

"ಅಪ್ಪಾ, ಅವ್ರು ಕಾಯ್ತಿದಾರೆ" ಎಂದಳು ಮಗಳು, ಮೆಲ್ಲಗೆ.

ಏನಾದರೊಂದು ಹೇಳಿ ದಾಟಿಕೊಳ್ಳಬಹುದಿತ್ತು. ಆ ಲಿಪಿಯನ್ನು ಓದಬಲ್ಲವರು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಅಕ್ಷರದ ಮುಂದೆ ಸುಳ್ಳಾಡುವುದನ್ನು ನನಗೆ ಕಲಿಸಿಲ್ಲ. ಎಲ್ಲವನ್ನೂ ಹೇಳಿದೆ: ನನ್ನ ಪದ, ಅದರ ಎರಡು ಅರ್ಥ, ಆ ಮಧ್ಯಾಹ್ನದ ನನ್ನ ಸಿಟ್ಟು, ಕೇಳದೆ ಉಳಿದ ನನ್ನ ಹಟ. ಕಲ್ಲನ್ನು ತೆಗೆದಾಯಿತೇ ಎಂದು ಕೇಳಿದೆ. ಡಿಸೆಂಬರಿನಲ್ಲೇ ತೆಗೆದರೆಂದು ಪತ್ರ ಬಂದಿತ್ತಂತೆ. ಆ ತಾಯಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಬಳಿಕ, "ಪುಟ ಅಲ್ಲಿಗೇ ಮುಗಿಯಿತೇ?" ಎಂದರು.

ಮುಗಿದಿರಲಿಲ್ಲ. ಕೆಳಗೆ ಇನ್ನೂ ಆರು ಸಾಲುಗಳಿದ್ದವು.

"ಸಂಜೆ ರೈಲು ಬರಲಿಲ್ಲ. ನಿಲ್ದಾಣದಿಂದ ಗುಡ್ಡ ಕಾಣುತ್ತಿತ್ತು. ಅವಕಾಶವಿಲ್ಲದವನೂ ದೂರದಿಂದ ನಮಸ್ಕರಿಸಬಹುದಲ್ಲವೇ ಎಂದುಕೊಂಡು ಶ್ಲೋಕವನ್ನು ಹೇಳಿದೆ. ಕನ್ನಡಿ ತೆಗೆಯಲಿಲ್ಲ. ಪಂಡಿತಸಾನ್ ಹತ್ತು ಹೆಜ್ಜೆ ದೂರದಲ್ಲಿದ್ದರು, ಖಂಡಿತ ಕೇಳಿಸಿತು. ಅವರು ಒಂದು ಅಕ್ಷರವನ್ನೂ ತಿದ್ದಲಿಲ್ಲ. ತಪ್ಪಾಗಿದ್ದರೆ ಅವರು ಸುಮ್ಮನಿರುವವರಲ್ಲ. ಆದ್ದರಿಂದ ಶುದ್ಧವಾಗಿತ್ತು. ಈಗ ನಾನು ಕಡಿಮೆಯಾದ ಮನುಷ್ಯನಲ್ಲ."

ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ಬೆನ್ನು ತಿರುಗಿಸಿ, ಹಸಿದು, ರೈಲನ್ನು ಶಪಿಸುತ್ತ ಕುಳಿತಿದ್ದೆ. ಒಂದು ಲಕಾರವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಅದನ್ನೂ ಹೇಳಿದೆ. ಮಗಳು ಅದನ್ನು ಜಪಾನೀ ಭಾಷೆಗೆ ತಿರುಗಿಸುವಾಗ ಎರಡು ಸಲ ತಡವರಿಸಿದಳು.

ಸೆನ್ಸೇಯವರ ಪತ್ನಿ ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡು ಆ ಸಾಲುಗಳ ಮೇಲೆ ಬೆರಳಾಡಿಸಿದರು. ಅವರ ತುಟಿಯ ಅಂಚಿನಲ್ಲಿ ನಗುವಿನಂಥದೇನೋ ಸುಳಿಯಿತು.

"ಹಾಗಾದರೆ ಅವರು ಎರಡು ಸಲ ತಪ್ಪು ತಿಳಿದುಕೊಂಡರು. ಮೊದಲನೆಯದನ್ನು ನೀವು ಇವತ್ತು ತಿದ್ದಿದಿರಿ. ಎರಡನೆಯದನ್ನು ದಯವಿಟ್ಟು ತಿದ್ದಬೇಡಿ."

ಹೊರಡುವಾಗ ಆ ದುಂಡು ಕನ್ನಡಿಯನ್ನು ನನ್ನ ಕೈಯಲ್ಲಿಟ್ಟು ಹೋದರು.

ನನಗೆ ಸಮಾಧಾನವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆ ಕಲ್ಲು ಈಗಿಲ್ಲ. ಅದರ ಮುಂದೆ ನಿಲ್ಲಬೇಕಾಗಿದ್ದವರೂ ಇಲ್ಲ. ಸೇತುವೆಯಿಂದ ಅಲ್ಲಿಗೆ ನಡೆದೇ ಹೋಗಬಹುದಿತ್ತೆಂದು ಮಗಳು ನಕ್ಷೆ ನೋಡಿ ಹೇಳಿದಾಗ ನಾನು ಎದ್ದು ಬೇರೆ ಕೋಣೆಗೆ ಹೋದೆ. ಈಗಲೂ ಬೆಳಿಗ್ಗೆ ಕೊಳದ ಬಳಿಗೆ ಹೋಗುತ್ತೇನೆ. ಮಡಿಚಿದ ಬಟ್ಟೆಯಿಂದ ಬೆಂಚನ್ನು ನಾನೇ ಒರಸುತ್ತೇನೆ, ಅವರ ಪಾಲನ್ನು ಎರಡು ಸಲ. ಪಾರಾಯಣವನ್ನು ಮೊದಲು ಮಾಡುವುದಿಲ್ಲ. ಮೊದಲು ಸ್ವಲ್ಪ ಹೊತ್ತು ಏನನ್ನೂ ತಿದ್ದದೆ ಕೇಳುತ್ತ ಕೂರುತ್ತೇನೆ: ನಾಯಿಗಳ ಹೆಜ್ಜೆ, ಸೈಕಲ್ಲಿನ ಗಂಟೆ, ಹಾದುಹೋಗುವವರ ಮಾತು. ನನಗೆ ಅಷ್ಟು ಕಲಿಸಲು ಅವರು ಸಾಯಬೇಕಾಯಿತು. ಎರಡು ಅಕ್ಷರ ಅವರಿಗೆ ನಾನು ಕೊಟ್ಟೆನೆಂದು ತಿಳಿದಿದ್ದೆ. ನನ್ನಲ್ಲಿ ಎಷ್ಟು ಕಡಿಮೆಯಿತ್ತೆಂದು ಈಗ ಅವರ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ.

ಮೊದಲಲ್ಲಿ ತಡೆಹಿಡಿದ ವಂದನೆಯನ್ನು ಈಗ ಸಲ್ಲಿಸುತ್ತೇನೆ, ಸೆನ್ಸೇ. ಆ ದಿನದಲ್ಲಿ ಪಾಲ್ಗೊಂಡ ಎಲ್ಲರಿಗೂ ಒಳಿತಾಗಲಿ. ಅರ್ಧ ಗಂಟೆಯ ಕೂಲಿಗೆ ಒಂದು ಗಂಟೆ ಗಳು ಹಾಕಿದ ದೋಣಿಯವನ ತೋಳುಗಳು ಗಟ್ಟಿಯಾಗಿರಲಿ. ಒಬ್ಬ ಮುದುಕನ ನೇಮಕ್ಕಾಗಿ ಮೂರು ಸಲ ಅಡುಗೆಮನೆಗೆ ಹೋಗಿಬಂದ ಆ ಹೆಂಗಸಿನ ಮನೆ ತುಂಬಿರಲಿ. ಕೇಳು ಎಂದ ನನ್ನ ಮಗಳಿಗೂ, ತಿದ್ದಬೇಡಿ ಎಂದ ಆ ತಾಯಿಗೂ ಆಯುಸ್ಸು ಹೆಚ್ಚಲಿ. ಕಲ್ಲಿಲ್ಲದ ಗುಡ್ಡದಲ್ಲಿ ಮಲಗಿರುವ ಆ ಗುರುವಿಗೆ ಪಾಠ ಒಪ್ಪಿತವಾಗಿರಲಿ. ಕಡೆಯದಾಗಿ, ನಾನು ಶಪಿಸಿದ, ಆ ಸಂಜೆ ಬಾರದೆಹೋದ ರೈಲಿಗೆ ಮಂಗಳವಾಗಲಿ. ನಾನು ಇಲ್ಲವೆಂದ ಅವಸರವನ್ನು ಅವರಿಗೆ ಕೊಟ್ಟದ್ದು ಅದೊಂದೇ.